ಚಂದ್ರಗಿರಿಯ ಅಳಿವೆಗೂ ಒಂದು ಸರ್ಕಾರಿ ದೋಣಿ ಬರಲಿ

ಇವರಿಗೆ,
ರಾಜ್ಯದ ಜಲಸಾರಿಗೆಯ ಹೊಣೆ ಹೊತ್ತ ಹಿರಿಯ ಅಧಿಕಾರಿಗಳು ಹಾಗೂ
ಕಾಸರಗೋಡು ಜಿಲ್ಲೆಯ ಚುನಾಯಿತ ಪ್ರತಿನಿಧಿಗಳು

ವಿಷಯ: ಚಂದ್ರಗಿರಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ವೇಳಾಪಟ್ಟಿಯಂತೆ ಓಡುವ ಸರ್ಕಾರಿ ದೋಣಿ ಸೇವೆಯನ್ನು ಆರಂಭಿಸುವ ಬಗ್ಗೆ

ಮಾನ್ಯರೇ,

ನಾನು ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಈ ಪತ್ರಕ್ಕೆ ಕಾರಣವಾದದ್ದು ಒಂದು ಕೋರ್ಟು ವಾಯಿದೆ. ನಮ್ಮ ಕಡೆಯವರಿಗೆ ಎರ್ನಾಕುಳಂ ಎಂದರೆ ಒಂದೋ ಹೈಕೋರ್ಟು, ಇಲ್ಲವೇ ದೊಡ್ಡ ಆಸ್ಪತ್ರೆ. ಊರು ನೋಡುವುದಕ್ಕೆಂದೇ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗುವವರು ಕಡಿಮೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ತಮ್ಮನೂ ಹೋದದ್ದು ಅಡಿಕೆ ತೋಟದ ಗಡಿಯ ಹಳೆಯ ವ್ಯಾಜ್ಯಕ್ಕಾಗಿ. ಹನ್ನೊಂದು ಗಂಟೆಯೊಳಗೆ ಪ್ರಕರಣ ಮುಂದಕ್ಕೆ ಹೋಯಿತು. ಮರಳುವ ರೈಲು ರಾತ್ರಿಗೆ. ಸ್ನಾನಕ್ಕೆಂದು ಹಿಡಿದಿದ್ದ ಕೋಣೆಯನ್ನು ಬೆಳಗ್ಗೆಯೇ ಬಿಟ್ಟಾಗಿತ್ತು. ವಕೀಲರ ಗುಮಾಸ್ತರು ನಮ್ಮ ಮುಖ ನೋಡಿ, “ಮಾಷೇ, ಜೆಟ್ಟಿ ಇಲ್ಲೇ ಹತ್ತಿರ ಇದೆ, ಸಂಜೆವರೆಗೆ ಬೋಟಿನಲ್ಲಿ ಸುತ್ತಿ ಬನ್ನಿ” ಎಂದರು. ಆ ಒಂದು ದಿನ ಅಲ್ಲಿ ಕಂಡದ್ದನ್ನೂ, ಕಂಡ ಮೇಲೆ ನಮ್ಮ ಹೊಳೆಯ ದಡದಲ್ಲಿ ನಿಂತು ಯೋಚಿಸಿದ್ದನ್ನೂ ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಹೈಕೋರ್ಟಿನ ಹತ್ತಿರ, ಕೊಚ್ಚಿಯ ದ್ವೀಪಗಳನ್ನು ದೋಣಿಗಳಿಂದ ಬೆಸೆಯುವ ವಾಟರ್ ಮೆಟ್ರೋದ ನಿಲ್ದಾಣಕ್ಕೆ ಹೋದೆವು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸೇವೆಯ ಪೂರ್ಣ ಯೋಜನೆಯಲ್ಲಿ 10 ದ್ವೀಪಗಳು, 38 ನಿಲ್ದಾಣಗಳು, 78 ದೋಣಿಗಳಿವೆ ಎಂಬುದನ್ನು ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದಕ್ಕೂ ಕಂಡದ್ದಕ್ಕೂ ಎಷ್ಟು ಅಂತರ ಎಂಬುದು ತಿಳಿದದ್ದು ತಮ್ಮನ ಮೊಣಕಾಲಿನಿಂದ. ಅವನಿಗೆ ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆ, ಊರುಗೋಲಿಲ್ಲದೆ ನಡೆಯಲಾರ. ದೋಣಿ ಎಂದ ಕೂಡಲೇ “ನೀನು ಹೋಗಿ ಬಾ ಅಣ್ಣ, ನಾನು ಇಲ್ಲೇ ಕೂತಿರುತ್ತೇನೆ” ಎಂದಿದ್ದ. ಆದರೆ ಅಲ್ಲಿ ದೋಣಿ ಬಂದು ತಾಗುವ ಕಟ್ಟೆಯೇ ನೀರಿನ ಮೇಲೆ ತೇಲುವಂಥದ್ದು. ಉಬ್ಬರಕ್ಕೆ ಅದು ದೋಣಿಯೊಂದಿಗೆ ಮೇಲೇರುತ್ತದೆ, ಇಳಿತಕ್ಕೆ ದೋಣಿಯೊಂದಿಗೇ ಕೆಳಗಿಳಿಯುತ್ತದೆ. ಆದ್ದರಿಂದ ಕಟ್ಟೆಯೂ ದೋಣಿಯ ನೆಲವೂ ಯಾವ ಹೊತ್ತಿನಲ್ಲೂ ಒಂದೇ ಮಟ್ಟ. ನಡುವೆ ಉಳಿದ ಸಂದು ಅಂಗೈ ಅಗಲದ್ದು. ತಮ್ಮ ಊರುಗೋಲನ್ನು ಮೊದಲು ಆಚೆ ಊರಿ, ಒಂದು ಕ್ಷಣ ನಿಂತು, ಮನೆಯ ಹೊಸ್ತಿಲು ದಾಟಿದಂತೆ ದಾಟಿಬಿಟ್ಟ. ಹಿಂದಿನಿಂದ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜಿಯನ್ನು ಅವರ ಮಗಳೊಬ್ಬಳೇ ತಳ್ಳಿಕೊಂಡು ಒಳಗೆ ತಂದಳು, ಯಾರೂ ಎತ್ತಿ ಹಿಡಿಯಬೇಕಾಗಲಿಲ್ಲ.

ನೂರು ಜನ ಹಿಡಿಸುವ, ಬ್ಯಾಟರಿಯ ಬಲದಲ್ಲಿ ಸದ್ದಿಲ್ಲದೆ ಸಾಗುವ ಆ ದೋಣಿ ಇಪ್ಪತ್ತು ನಿಮಿಷದೊಳಗೆ ನಮ್ಮನ್ನು ವೈಪಿನ್ ದ್ವೀಪಕ್ಕೆ ಮುಟ್ಟಿಸಿತು. ಬಲಕ್ಕೆ, 1744ರಲ್ಲಿ ಡಚ್ಚರು ಅರಮನೆ ಕಟ್ಟಿದ ಬೋಳ್ಗಾಟ್ಟಿ. ಅದರಾಚೆ ವಲ್ಲಾರ್ಪಾಡದ ಕಂಟೇನರ್ ಧಕ್ಕೆ, ಕತ್ತು ಚಾಚಿ ನಿಂತ ಕ್ರೇನುಗಳು. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ. ವೈಪಿನ್‌ನಿಂದ ಫೋರ್ಟ್ ಕೊಚ್ಚಿಗೆ, ಲಾರಿ ಕಾರುಗಳನ್ನೂ ಜನರನ್ನೂ ಒಟ್ಟಿಗೇ ಹೊರುವ ಜಂಗಾರ್‌ನಲ್ಲಿ ದಾಟಿದೆವು. ನಮ್ಮ ಪಕ್ಕದಲ್ಲಿ ಮೀನಿನ ಬುಟ್ಟಿಯ ಹೆಂಗಸರು, ಟೈ ಕಟ್ಟಿದ ಬ್ಯಾಂಕಿನವರು, ಹಾಲಿನ ಕ್ಯಾನು ಕಟ್ಟಿದ ಸ್ಕೂಟರು, ಕ್ಯಾಮೆರಾ ತೂಗುಹಾಕಿಕೊಂಡ ವಿದೇಶಿಯರು. ಅಷ್ಟೂ ಜನರಿಗೆ ಒಂದೇ ದೋಣಿ, ಒಂದೇ ದರ. ಪ್ರವಾಸಿಗೆಂದು ಬೇರೆ ಬಂದರು, ಊರವರಿಗೆಂದು ಬೇರೆ ಬಂದರು ಎಂಬ ವಿಂಗಡಣೆ ಅಲ್ಲಿಲ್ಲ. ನನಗೆ ಬಹಳ ಹಿಡಿಸಿದ ಸಂಗತಿಯಿದು.

ಮರಳುವಾಗ ಬೇಕೆಂದೇ ಹಳೆಯ ಸರ್ಕಾರಿ ಬೋಟು ಹತ್ತಿದೆವು. ವಾಟರ್ ಮೆಟ್ರೋದಲ್ಲಿ 20 ರೂಪಾಯಿಯಿಂದ 40 ರೂಪಾಯಿವರೆಗೆ ಟಿಕೆಟ್ಟಾದರೆ ಇದರಲ್ಲಿ ಒಂದು ಚಹಾದ ಬೆಲೆಗೂ ಕಡಿಮೆ. ಎ.ಸಿ. ಇಲ್ಲ, ಬದಿಗಳು ತೆರೆದಿರುತ್ತವೆ, ಗಾಳಿಗೆ ಉಪ್ಪಿನ ವಾಸನೆ. ನಮ್ಮ ಕರಾವಳಿಯಲ್ಲಿ ತಾಂಡೇಲ ಎನ್ನುವವನನ್ನು ಅಲ್ಲಿ ಸ್ರಾಂಗ್ ಎನ್ನುತ್ತಾರೆ. ಅವರು ಮುಂದೆ ಚುಕ್ಕಾಣಿಯ ಬಳಿ ನಿಂತಿರುತ್ತಾರೆ, ಎಂಜಿನ್ ನೋಡುವವರು ನಡುವಿನ ಗುಂಡಿಯಲ್ಲಿ ಕುಳಿತಿರುತ್ತಾರೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ನಡುವೆ ಒಂದು ಹಗ್ಗ, ತುದಿಯಲ್ಲೊಂದು ಗಂಟೆ. ಸ್ರಾಂಗ್ ಹಗ್ಗ ಎಳೆದಂತೆ ಗಂಟೆ ಬಡಿಯುತ್ತದೆ, ಅದರ ಲೆಕ್ಕದ ಮೇಲೆ ಎಂಜಿನ್ನಿನ ವೇಗ ಏರುತ್ತದೆ, ಇಳಿಯುತ್ತದೆ, ಹಿಮ್ಮುಖವಾಗುತ್ತದೆ. ಲಸ್ಕರ್ ಎಂಬ ಕೆಲಸದ ಹುಡುಗ ಜೆಟ್ಟಿಯ ಗೂಟಕ್ಕೆ ಹಗ್ಗ ಬೀಸಿ ಎರಡು ಸುತ್ತು ಸುತ್ತುವಷ್ಟರಲ್ಲಿ ಅರ್ಧ ಜನ ಇಳಿದಾಗಿತ್ತು. ಶಾಲೆಯ ಗಂಟೆಯ ಲೆಕ್ಕದಲ್ಲೇ ಆಯುಷ್ಯ ಕಳೆದ ನನಗೆ ಆ ಗಂಟೆಯ ಭಾಷೆಯನ್ನು ಇನ್ನೂ ಸ್ವಲ್ಪ ಕೇಳಬೇಕೆನಿಸಿ, ಅದೇ ಬೋಟಿನಲ್ಲಿ ಇನ್ನೊಮ್ಮೆ ಹೋಗಿಬಂದೆ. ತಮ್ಮ ನಕ್ಕ. ಮೂರು ದೋಣಿಗಳು, ಐದು ಗಂಟೆ ಹೊತ್ತು, ಒಂದಿಡೀ ಬಂದರು. ಇಬ್ಬರಿಗೂ ಸೇರಿ ಪ್ರಯಾಣಕ್ಕೆ ಇನ್ನೂರು ರೂಪಾಯಿಯೂ ಮುಗಿಯಲಿಲ್ಲ.

ಇಷ್ಟನ್ನು ವಿವರವಾಗಿ ಬರೆದದ್ದು ಕೊಚ್ಚಿಯವರ ಮೇಲಿನ ಹೊಟ್ಟೆಕಿಚ್ಚಿನಿಂದಲ್ಲ. ಅವರ ದೋಣಿ ಇನ್ನೂ ಹೆಚ್ಚಲಿ. ಆದರೆ ಅದೇ ಸರ್ಕಾರಕ್ಕೆ ಅದೇ ತೆರಿಗೆ ಕಟ್ಟುವ ನಾವು ನಮ್ಮ ಬಂದರನ್ನು ಸೇತುವೆಯ ಮೇಲೆ ಓಡುವ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಬೇಕಾಗಿ ಬಂದಿರುವುದು ಏಕೆ ಎಂಬ ಪ್ರಶ್ನೆಯನ್ನು ತಮ್ಮಲ್ಲಿ ಕೇಳದೆ ಇನ್ನು ಯಾರಲ್ಲಿ ಕೇಳಲಿ?

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿವೆ ಎಂದು ನಾನೇ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಅವರು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದರು. ಆ ಮೂವತ್ತೊಂದು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನೂ ಈ ಯಾವ ಹೊಳೆಯಲ್ಲೂ ದೋಣಿ ಹತ್ತಿಸಲು ನನ್ನಿಂದಾಗಲಿಲ್ಲ. ಇವುಗಳಲ್ಲಿ ಚಂದ್ರಗಿರಿಯ ವಿಷಯವನ್ನಷ್ಟೇ ಇಲ್ಲಿ ಎತ್ತುತ್ತೇನೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು, ಸುಮಾರು 105 ಕಿಲೋಮೀಟರ್ ಹರಿದು ಬರುವ ಈ ಹೊಳೆ ಕಾಸರಗೋಡು ಪೇಟೆಯನ್ನು ಬಳಸಿಕೊಂಡು ಕಡಲು ಸೇರುತ್ತದೆ. ಉತ್ತರ ದಡದಲ್ಲಿ ತಳಂಗರೆ: ಮಾಲಿಕ್ ದೀನಾರ್ ಮಸೀದಿಯ ಊರು, ಒಂದು ಕಾಲಕ್ಕೆ ಉರು ಎಂಬ ಮರದ ಹಡಗು ಕಟ್ಟುತ್ತಿದ್ದ ಊರು, ಟೊಪ್ಪಿಗೆ ಹೆಸರಾದ ಊರು. ದಕ್ಷಿಣ ದಡದ ಗುಡ್ಡದ ಮೇಲೆ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಚಂದ್ರಗಿರಿ ಕೋಟೆ. ಅಳಿವೆಯ ಬಾಯಲ್ಲಿ ಮೀನುಗಾರಿಕಾ ಬಂದರು. ಹಿಂದಿನವರು ತುಳುನಾಡಿಗೂ ಮಲೆಯಾಳ ನಾಡಿಗೂ ನಡುವಿನ ಗಡಿ ಎಂದು ಎಣಿಸುತ್ತಿದ್ದದ್ದು ಇದೇ ನೀರನ್ನು. ನೋಡಲು ಇಷ್ಟಿದ್ದೂ, ಟಿಕೆಟ್ ಕೊಟ್ಟು ಹತ್ತಬಹುದಾದ, ಗಂಟೆಗೆ ಸರಿಯಾಗಿ ಹೊರಡುವ ಒಂದು ದೋಣಿ ಈ ಅಳಿವೆಯಲ್ಲಿಲ್ಲ.

ಕೊಚ್ಚಿಯಿಂದ ಬಂದ ಮರುವಾರವೇ ನನ್ನ ಮೊಮ್ಮಗಳನ್ನು ಕರೆದುಕೊಂಡು ತಳಂಗರೆಗೆ ಹೋದೆ. ಅವಳು ಆರನೆಯ ತರಗತಿ. ನಾನು ವರ್ಣಿಸಿದ್ದನ್ನೆಲ್ಲ ಕೇಳಿ, ನಮ್ಮಲ್ಲೂ ಹಾಗೆ ಹೋಗೋಣ ಎಂದು ಹಟ ಹಿಡಿದಿದ್ದಳು. ಸಂಜೆ ನಾಲ್ಕರ ಇಳಿತ. ದಡದ ಮೆಟ್ಟಿಲುಗಳಲ್ಲಿ ಕೆಳಗಿನ ಮೂರಕ್ಕೆ ಪಾಚಿ ಹಿಡಿದಿತ್ತು, ಅದರ ಕೆಳಗೆ ಮೊಣಕಾಲುದ್ದ ಕೆಸರು, ಕೆಸರಿನಾಚೆ ದೋಣಿ. ಒಬ್ಬರು ನಮ್ಮನ್ನು ಕೋಟೆಯ ಕೆಳಗಿನವರೆಗೆ ಕರೆದೊಯ್ಯಲು ಒಪ್ಪಿದರು, ಆದರೆ ಇಡೀ ದೋಣಿಯ ಬಾಡಿಗೆ ಕೊಡಬೇಕು. ಅದು ನಾನೂ ತಮ್ಮನೂ ಕೊಚ್ಚಿಯಲ್ಲಿ ದಿನವಿಡೀ ಸುತ್ತಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರನ್ನು ದೂರುವುದಿಲ್ಲ, ಡೀಸೆಲಿನ ಬೆಲೆ ಅವರಿಗೂ ಗೊತ್ತು ನನಗೂ ಗೊತ್ತು. ಜೀವರಕ್ಷಕ ಜಾಕೆಟ್ ಇದೆಯೇ ಎಂದು ಕೇಳಿದೆ. ಅವರು ನಗುತ್ತಾ, “ಮಾಷ್ಟ್ರೇ, ನಾನಿದ್ದೇನಲ್ಲ” ಎಂದರು. ಒಳ್ಳೆಯ ಮನುಷ್ಯ, ಆದರೂ ಮಗುವನ್ನು ಹತ್ತಿಸಲು ಧೈರ್ಯ ಬರಲಿಲ್ಲ. 2023ರ ಮೇ 7ರಂದು ತಾನೂರಿನಲ್ಲಿ ವಿಹಾರದ ದೋಣಿಯೊಂದು ಮಗುಚಿ 22 ಜನ ತೀರಿಕೊಂಡದ್ದು, ಅವರಲ್ಲಿ ಬಹಳ ಮಂದಿ ಮಕ್ಕಳಾಗಿದ್ದದ್ದು ಕಣ್ಣ ಮುಂದಿತ್ತು. ಸರ್ಕಾರಿ ದೋಣಿ ಇಲ್ಲದ ಕಡೆ ಜನ ನೀರಿಗಿಳಿಯದೆ ಇರುವುದಿಲ್ಲ, ತಪಾಸಣೆ ಇಲ್ಲದ ದೋಣಿಯಲ್ಲಿ ಇಳಿಯುತ್ತಾರೆ. ನಾವಿಬ್ಬರೂ ಎದುರು ದಡವನ್ನು ನೋಡುತ್ತಾ ಕಡಲೆಕಾಯಿ ತಿಂದು ಮನೆಗೆ ಬಂದೆವು.

ಈ ಬೇಡಿಕೆಯನ್ನು ನಾನು ಎತ್ತುತ್ತಿರುವುದು ಇದೇ ಮೊದಲಲ್ಲ. ಕೆಲವು ವರ್ಷಗಳ ಹಿಂದೆ, ನಿವೃತ್ತಿಯ ಹೊಸತರಲ್ಲಿ, ಸಂಬಂಧಪಟ್ಟ ಕಚೇರಿಯೊಂದಕ್ಕೆ ಕನ್ನಡದಲ್ಲೇ ಎರಡು ಪುಟದ ಮನವಿ ಬರೆದಿದ್ದೆ. ಏಳು ತಿಂಗಳ ಬಳಿಕ ನಾಲ್ಕು ಸಾಲಿನ ಉತ್ತರ ಬಂತು, ಮಲಯಾಳದಲ್ಲಿ. ಅಳಿವೆಯಲ್ಲಿ ಹೂಳು ತುಂಬಿದೆ, ಸೇತುವೆಗಳಿವೆಯಾದ್ದರಿಂದ ಪ್ರಯಾಣಿಕರು ಸಿಗಲಾರರು, ಸದ್ಯ ಪರಿಗಣಿಸಲಾಗದು ಎಂಬುದು ಅದರ ಸಾರ. ನನಗೆ ಮಲಯಾಳ ಓದಲು ಬರುತ್ತದೆ, ಆ ಭಾಷೆಯ ಮೇಲೆ ಗೌರವವೂ ಇದೆ. ಆದರೆ 1969ರ ಅಧಿಕೃತ ಭಾಷೆಗಳ ಕಾಯಿದೆಯು ಈ ನೆಲದ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ ಎಂಬುದು ಆ ಕಚೇರಿಗೂ ತಿಳಿದಿರಬೇಕಾದ ಸಂಗತಿ. ಭಾಷೆಯ ಮಾತಿಗೆ ಮತ್ತೆ ಬರುತ್ತೇನೆ. ಮೊದಲು ಆ ಎರಡು ಕಾರಣಗಳನ್ನು ನೋಡೋಣ.

ಹೂಳಿನ ಕಾರಣವನ್ನು ಓದಿದಾಗ ಒಪ್ಪಿ ಸುಮ್ಮನಾಗಿದ್ದೆ. ಈಗ ಕೊಚ್ಚಿಯ ಬಂದರಿನ ನಡುವೆ ತೇಲಿ ಬಂದ ಮೇಲೆ ಒಪ್ಪಲಾರೆ. 1341ರ ಪೆರಿಯಾರ್ ನೆರೆಯಿಂದ ತೆರೆದುಕೊಂಡಿತು ಎನ್ನಲಾಗುವ ಆ ಅಳಿವೆಯ ಬಾಯಿಗೂ ಮರಳದಿಣ್ಣೆ ಅಡ್ಡ ಬಿದ್ದಿತ್ತು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಣ್ಣೆಯನ್ನು ಕಡಿಸಿ, ಒಳಗಿನ ಹೂಳನ್ನು ಎತ್ತಿಸಿ ಆಳದ ಕಾಲುವೆ ಮಾಡಿಸಿದರು. 1928ರ ಮೇ 26ರಂದು ‘ಪದ್ಮ’ ಎಂಬ ಹಡಗು ಒಳಬಂದರಿಗೆ ಬಂತು. ಎತ್ತಿದ ಆ ಹೂಳನ್ನೇ ಒಟ್ಟಿ ಮಾಡಿದ ನೆಲ ವಿಲ್ಲಿಂಗ್ಡನ್ ದ್ವೀಪ. ನಾನು ಗಂಟೆಯ ಸದ್ದು ಕೇಳುತ್ತಾ ಮೂರು ಸಲ ಹಾದುಹೋದದ್ದು ಅದರ ಬದಿಯಿಂದಲೇ. ಹೂಳಿನ ಮೇಲೆ ಒಂದು ಬಂದರು ಪಟ್ಟಣವನ್ನೇ ನಿಲ್ಲಿಸಿದ ರಾಜ್ಯದಲ್ಲಿ, ಮೂರು ನಾಲ್ಕು ಅಡಿ ನೀರು ಸಾಕಾಗುವ ಸಣ್ಣ ದೋಣಿಗೆ ಹೂಳನ್ನು ಅಡ್ಡಿ ಎಂದು ಹೇಳುವ ಮೊದಲು ಯಾರಾದರೂ ಬಂದು ಆಳ ಅಳೆದು ನೋಡಿದ್ದರೇ? ಮನವಿ ಕೊಟ್ಟವನಿಗೆ ಅಂಥ ಅಳತೆಯ ಒಂದು ಅಂಕಿಯನ್ನೂ ಕೊಟ್ಟಿರಲಿಲ್ಲ.

ಪ್ರಯಾಣಿಕರ ಮಾತಿಗೆ ಬಂದರೆ, ಅಳಿವೆಯ ಬಳಿಯ ಕೀಳೂರಿನಲ್ಲಿ ನಿಂತರೆ ಉತ್ತರ ದಡದ ಅಂಗಡಿಗಳ ದೀಪ ಕಾಣುತ್ತದೆ. ಅಲ್ಲಿಗೆ ಹೋಗಬೇಕಾದರೆ ಮೇಲ್ಪರಂಬಕ್ಕೆ ಬಂದು, ಬಸ್ಸು ಹಿಡಿದು, ಚಂದ್ರಗಿರಿ ಸೇತುವೆ ದಾಟಿ, ಪೇಟೆಯ ಗದ್ದಲದಲ್ಲಿ ಇಳಿದು, ಮತ್ತೆ ರಿಕ್ಷಾ ಹತ್ತಬೇಕು. ಮೀನಿನ ಬುಟ್ಟಿ ಹೊತ್ತ ಹೆಂಗಸರನ್ನು ಬಸ್ಸಿನವರು ಹತ್ತಿಸಿಕೊಳ್ಳಲು ಗೊಣಗುವುದನ್ನು ಆ ದಾರಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಸೇತುವೆ ಬರುವ ಮೊದಲು ಇಲ್ಲಿ ದೋಣಿಯಲ್ಲಿ ಹೊಳೆ ದಾಟಿಸುವ ಕಡವು ಇತ್ತು, ಕಡವಿನವರಿಗೆ ಪುರುಸೊತ್ತಿಲ್ಲದಷ್ಟು ಜನವೂ ಇದ್ದರು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಸೇತುವೆಯಾದರೆ ದೋಣಿ ಬೇಡ ಎಂಬುದು ನಿಜವೇ ಆಗಿದ್ದರೆ, 2004ರಲ್ಲಿ ಗೋಶ್ರೀ ಸೇತುವೆಗಳು ವೈಪಿನ್ನನ್ನು ಎರ್ನಾಕುಳಕ್ಕೆ ಸೇರಿಸಿದ ಮೇಲೆ ಅಲ್ಲಿನ ದೋಣಿಗಳು ಖಾಲಿ ಓಡಬೇಕಿತ್ತು. ನಾನು ಹತ್ತಿದ ದಿನ ಕೂರಲು ಸೀಟು ಹುಡುಕಬೇಕಾಯಿತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಕೋವಳದಿಂದ ಹೊರಟು ರಾಜ್ಯದ ಉದ್ದಕ್ಕೂ ಸಾಗುವ 616 ಕಿಲೋಮೀಟರಿನ ಪಶ್ಚಿಮ ಕರಾವಳಿ ಜಲಮಾರ್ಗದ ನಕ್ಷೆ ಬೇಕಲದಲ್ಲಿ ಮುಗಿಯುತ್ತದೆ. ಜಿಲ್ಲೆಯ ದಕ್ಷಿಣದ ಅಂಚಿನ ಕವ್ವಾಯಿ ಹಿನ್ನೀರಿನಲ್ಲಿ ಸರ್ಕಾರಿ ದೋಣಿ ಓಡಿದ್ದುಂಟು. ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಮಂಜೇಶ್ವರದ ಹೊಳೆಗಳೆಲ್ಲ ಬೇಕಲದಿಂದ ಉತ್ತರಕ್ಕೆ, ಅಂದರೆ ಕನ್ನಡ, ತುಳು ಮನೆಮಾತಿನವರು ಹೆಚ್ಚಾಗಿರುವ ಕಡೆಗೆ ಇವೆ. ನಕ್ಷೆ ಬರೆದವರ ಮನಸ್ಸಿನಲ್ಲಿ ಭೇದವಿತ್ತೆಂದು ನಾನು ಆರೋಪಿಸುವುದಿಲ್ಲ. ನೆಲದ ಏರುತಗ್ಗಿಗೂ ಅದರಲ್ಲಿ ಪಾಲಿರಬಹುದು. ಆದರೆ ರೇಖೆ ನಿಂತ ಜಾಗದಿಂದ ಆಚೆ ಇರುವವರಿಗೆ ಅದು ಹೇಗೆ ಕಾಣುತ್ತದೆಂಬುದನ್ನು ತಾವೊಮ್ಮೆ ಯೋಚಿಸಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಕೊಚ್ಚಿಯಂತೆ ಕೋಟಿಗಟ್ಟಲೆಯ ನಿಲ್ದಾಣಗಳನ್ನು ಕೇಳುತ್ತಿಲ್ಲ. ವೈಕಂ ಮತ್ತು ತವಣಕ್ಕಡವುಗಳ ನಡುವೆ 2017ರ ಜನವರಿಯಿಂದ ಓಡುತ್ತಿರುವ, 75 ಜನ ಹಿಡಿಸುವ ‘ಆದಿತ್ಯ’ ಸೌರ ದೋಣಿ ಇದೇ ರಾಜ್ಯದ ಸರ್ಕಾರ ಓಡಿಸುತ್ತಿರುವಂಥದ್ದು, ದೇಶದಲ್ಲೇ ಮೊದಲನೆಯದು. ಅದರ ಅರ್ಧದಷ್ಟು ಗಾತ್ರದ ಒಂದು ದೋಣಿ ಚಂದ್ರಗಿರಿಗೆ ಸಾಕು. ತಳಂಗರೆ, ಕೀಳೂರು, ಕೋಟೆಯ ಕೆಳಗಿನ ದಡ, ಚೆಮ್ನಾಡು, ಸಾಧ್ಯವಾದರೆ ತೆಕ್ಕಿಲ್‌ವರೆಗೆ ಅದು ಹೋಗಿಬರಲಿ. ರೈಲು ಸೇತುವೆ, ರಸ್ತೆ ಸೇತುವೆಗಳ ಅಡಿಯಲ್ಲಿ ತುಂಬು ಉಬ್ಬರದ ಹೊತ್ತಿಗೆ ಎಷ್ಟು ತೆರಪು ಉಳಿಯುತ್ತದೆ, ಇಳಿತಕ್ಕೆ ಎಲ್ಲೆಲ್ಲಿ ತಳ ತಾಗುತ್ತದೆ ಎಂಬುದನ್ನು ಮೊದಲು ಅಳೆಯಿರಿ, ಅಳತೆಯನ್ನು ಜನರ ಮುಂದಿಡಿ. ಅಳಿವೆಯ ಮೀನುಗಾರರನ್ನು ಕೂರಿಸಿಕೊಂಡು ಮಾತಾಡದೆ ದಾರಿ ಗೊತ್ತು ಮಾಡಬೇಡಿ. ಅವರ ಬಲೆ, ಅವರ ದೋಣಿ ಹೊರಡುವ ಹೊತ್ತು, ಮರಳು ಸರಿಯುವ ಜಾಗ ಅವರಷ್ಟು ಬೇರೆ ಯಾರಿಗೂ ತಿಳಿಯದು. ಜೂನ್‌ನಿಂದ ಮಳೆಗಾಲದ ಅಬ್ಬರ ಇಳಿಯುವವರೆಗೆ ಸೇವೆ ನಿಲ್ಲಿಸಬೇಕಾದರೆ ನಿಲ್ಲಿಸಿ, ನಾವು ಕರಾವಳಿಯವರು, ಆಟಿ ತಿಂಗಳ ಕಡಲನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಎಲ್ಲ ನಿಲ್ದಾಣಗಳಲ್ಲೂ ತೇಲುವ ಕಟ್ಟೆ ಇರಲಿ. ಇದೊಂದರಲ್ಲಿ ಮಾತ್ರ ಖರ್ಚು ಉಳಿಸಬೇಡಿ. ತಮ್ಮನಂಥವರು ಪಾಚಿಗಟ್ಟಿದ ಮೆಟ್ಟಿಲು ಇಳಿಯಲಾರರು. ಟಿಕೆಟ್ಟು ಬಸ್ಸಿನ ಕನಿಷ್ಠ ದರಕ್ಕಿಂತ ಹೆಚ್ಚಾಗದಿರಲಿ, ಶಾಲಾ ಮಕ್ಕಳಿಗೆ ಬಸ್ಸಿನಂತೆಯೇ ರಿಯಾಯಿತಿ ಇರಲಿ. ಪ್ರವಾಸೋದ್ಯಮದ ಹೆಸರಿನಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಬಾಡಿಗೆಯ ದೋಣಿಯನ್ನು ತಂದು, ಬೇಡಿಕೆ ಈಡೇರಿತು ಎಂದು ದಯವಿಟ್ಟು ಹೇಳಬೇಡಿ.

ಭಾಷೆಯ ವಿಷಯ. ಕೊಚ್ಚಿಯ ಜೆಟ್ಟಿಯಲ್ಲಿ ಕನ್ನಡ ಫಲಕ ಇರಲಿಲ್ಲ. ಇರಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ನನ್ನ ತಮ್ಮ ಸುಳ್ಯದಲ್ಲಿ ನೆಲೆಸಿದವನು, ಮಲಯಾಳ ಓದಲು ಬಾರದು, ಬೋಟಿನ ಬೋರ್ಡುಗಳನ್ನೆಲ್ಲ ನಾನೇ ಓದಿ ಹೇಳಿದೆ. ಅಲ್ಲಿ ನಾವು ಅತಿಥಿಗಳು. ಚಂದ್ರಗಿರಿಯ ದಡದಲ್ಲಿ ನಾವು ಅತಿಥಿಗಳಲ್ಲ. ಇಲ್ಲಿ ದೋಣಿ ಬಂದ ದಿನ ನಿಲ್ದಾಣದ ಹೆಸರು, ವೇಳಾಪಟ್ಟಿ, ದರ, ಅದಕ್ಕೂ ಮುಖ್ಯವಾಗಿ ಜೀವರಕ್ಷಕ ಜಾಕೆಟ್ಟಿನ ಸೂಚನೆ, ಇವೆಲ್ಲ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕು. ಅಪಾಯದ ಸೂಚನೆಯನ್ನು ಓದಲಾಗದ ಭಾಷೆಯಲ್ಲಿ ಬರೆದರೆ ಅದನ್ನು ಬರೆಯದೆ ಬಿಟ್ಟ ಹಾಗೆಯೇ. ಆಮೇಲೆ ಹೋರಾಟ ಮಾಡಿ ಬೋರ್ಡಿನ ಮೂಲೆಯಲ್ಲಿ ತಪ್ಪು ಕಾಗುಣಿತದ ಕನ್ನಡ ಸೇರಿಸಿಕೊಳ್ಳುವ ಪಾಡು ಈ ಸಲವಾದರೂ ಬೇಡ; ಬರೆಯುವ ಮೊದಲೇ ಊರಿನ ಯಾವುದಾದರೂ ಕನ್ನಡ ಶಾಲೆಗೆ ಕಳುಹಿಸಿದರೆ ತಿದ್ದಿಕೊಡಲು ನಮ್ಮವರು ಸಿದ್ಧರಿದ್ದಾರೆ.

ಈ ಪತ್ರಕ್ಕೆ ಕನ್ನಡದಲ್ಲಿ ಉತ್ತರ ಬರಲಿ. ಉತ್ತರ ಬರೆಯುವುದಕ್ಕಿಂತ ಮೊದಲೇ ತಮ್ಮ ಅಳತೆಯವರು ಬರುವುದಾದರೆ ಇನ್ನೂ ಸಂತೋಷ. ದಿನ ತಿಳಿಸಿದರೆ, ಈ ಅಳಿವೆಯ ಉಬ್ಬರ ಇಳಿತಗಳನ್ನು ಬೆರಳ ತುದಿಯಲ್ಲಿ ಎಣಿಸುವ ಇಬ್ಬರು ಹಿರಿಯ ಮೀನುಗಾರರನ್ನು ಕರೆದುಕೊಂಡು ತಳಂಗರೆಯ ಆ ಮೆಟ್ಟಿಲುಗಳ ಬಳಿ ಕಾದಿರುತ್ತೇನೆ. ಇಳಿತದ ಹೊತ್ತಿಗೆ ಬರುವಿರಾದರೆ ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಕಾಸರಗೋಡು